ಉಣ್ಣದ ತಾಟು

ಅರ್ಧವಿರಾಮದ ಖಾನೆ ಬರಿದಾಗಿತ್ತು.

ಕನಕಪ್ಪ ಎಡಗೈಯಲ್ಲಿ ಅಕ್ಷರ ಜೋಡಿಸುವ ಸ್ಟಿಕ್ಕು ಹಿಡಿದುಕೊಂಡೇ ಬಲಗೈಯ ಬೆರಳುಗಳನ್ನು ಅಚ್ಚುಮೊಳೆಯ ಕೇಸಿನ ಮೂಲೆಯ ಆ ಪುಟ್ಟ ಖಾನೆಗೆ ಇಳಿಸಿ ತಡಕಾಡಿದ. ಒಂದು ಮೊಳೆಯೂ ಸಿಗಲಿಲ್ಲ. ಸೀಸದ ಧೂಳು ಮಾತ್ರ ಬೆರಳಿಗೆ ಹತ್ತಿತು.

ಮುಂಜಾನೆ ಬಂದು ಜೋಡಿಸಿದ್ದು ಎರಡೇ ಪುಟ. ಅಷ್ಟಕ್ಕೇ ಪ್ರೆಸ್ಸಿನಲ್ಲಿದ್ದ ಅರ್ಧವಿರಾಮಗಳೆಲ್ಲ ತೀರಿಹೋಗಿದ್ದವು.

ರಾಯಚೂರಿನ ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ ವಿರೂಪಣ್ಣನವರ ಮುದ್ರಣಾಲಯ. ಹದಿನೆಂಟು ವರ್ಷದಿಂದ ಅಲ್ಲಿ ಮೊಳೆ ಜೋಡಿಸುತ್ತಿದ್ದ ಕನಕಪ್ಪನಿಗೆ, ಯಾವ ಖಾನೆ ಬರಿದಾಯಿತು ಎಂಬುದರ ಮೇಲೆಯೇ ಬರೆದವರು ಯಾರೆಂದು ಹೇಳಲು ಬರುತ್ತಿತ್ತು. ಗುರುಶಾಂತಮ್ಮ ಟೀಚರ ಕವಿತೆ ಬಂದರೆ ಚುಕ್ಕಿಗಳು ಮುಗಿಯುತ್ತಿದ್ದವು. ಸಾಲಿನ ಕೊನೆಗೆ ಮೂರು ಚುಕ್ಕಿ ಇಡದೆ ಅವರಿಗೆ ಸಮಾಧಾನವಿಲ್ಲ. ರೈಲ್ವೆ ಪಾರ್ಸಲ್ ಆಫೀಸಿನ ಜಿಲಾನಿ ಪಾಷಾನ ಕತೆ ಬಂದರೆ ಆಶ್ಚರ್ಯಸೂಚಕಗಳಿಗೆ ಬರ. ಮಾನ್ವಿಯ ಅಕ್ಕಿಗಿರಣಿ ಸಾಹುಕಾರ ಮರಿಸ್ವಾಮಿಯವರ ಕಾದಂಬರಿಗೆ ಯಾವ ಖಾನೆಯೂ ಬರಿದಾಗುತ್ತಿರಲಿಲ್ಲ. ಅವರ ವಾಕ್ಯಗಳು ನೆಟ್ಟಗೆ ಹೊರಟು ನೆಟ್ಟಗೆ ನಿಲ್ಲುವಂಥವು.

ಅರ್ಧವಿರಾಮ ಬೇಡುತ್ತಿದ್ದವನು ಒಬ್ಬನೇ. ದೇವದುರ್ಗದ ಶಾಲೆ ಮಾಸ್ತರ ಪರಮಣ್ಣ. ಮಾತು ಮುಗಿಸಲು ಮನಸ್ಸೇ ಬಾರದ ಮನುಷ್ಯ.

ಈ ನಾಲ್ವರೂ ಸೇರಿ ಶನಿವಾರ ಬಳಗ. ಆ ಪರಮಣ್ಣ ಕಾಣೆಯಾಗಿ ಇಂದಿಗೆ ಇಪ್ಪತ್ತೆರಡು ದಿನ. ಅವನ ಸೈಕಲ್ಲು, ಚೀಲ, ಚಪ್ಪಲಿ ಕೃಷ್ಣೆಯ ದಂಡೆಯಲ್ಲಿ ಸಿಕ್ಕಿದ್ದವು. ಅವನು ಸಿಕ್ಕಿರಲಿಲ್ಲ. ಎಂಟು ವರ್ಷ ಕೂತು ಬರೆದ ಅವನ ಕಾದಂಬರಿಯ ಒಂದೇ ಒಂದು ಪ್ರತಿಯೂ ಸಿಕ್ಕಿರಲಿಲ್ಲ.

ಈಗ ಕನಕಪ್ಪನ ಮುಂದಿದ್ದ ಹಾಳೆ ಮರಿಸ್ವಾಮಿ ಸಾಹುಕಾರರದು. ಅಕ್ಷರ ಅವರವೇ, ದಪ್ಪ ನಿಬ್ಬಿನ ನೀಲಿ ಅಕ್ಷರ. ಅವರ ಹೊಸ ಕಾದಂಬರಿಯ ಏಳನೆಯ ಅಧ್ಯಾಯ. ಆರನೆಯ ಅಧ್ಯಾಯದವರೆಗೆ ಅರ್ಧವಿರಾಮದ ಹೆಸರಿಲ್ಲ. ಏಳರಿಂದ ಸಾಲು ಸಾಲಿಗೂ ಅದೇ.

ಕಂಪೋಜಿಟರು ಅರ್ಥಕ್ಕಾಗಿ ಓದುವವರಲ್ಲ. ಕಣ್ಣು ಅಕ್ಷರ ಹೆಕ್ಕುತ್ತದೆ, ಕೈ ಮೊಳೆ ಹೆಕ್ಕುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಆದರೂ ಮುಂದಿನ ಸಾಲಿಗೆ ಬಂದಾಗ ಅವನ ಕೈ ನಿಂತಿತು.

'ಹೆಂಡತಿ ಹೋದ ಮೇಲೂ ಅವನು ದಿನಾ ಎರಡು ತಾಟು ಇಡುತ್ತಿದ್ದ; ಒಂದರಲ್ಲಿ ಉಂಡು ತೊಳೆಯುತ್ತಿದ್ದ; ಇನ್ನೊಂದನ್ನು ಯಾರೂ ಉಣ್ಣದಿದ್ದರೂ ತೊಳೆಯುತ್ತಿದ್ದ.'

ಕನಕಪ್ಪ ಸ್ಟಿಕ್ಕನ್ನು ಕೇಸಿನ ಮೇಲಿಟ್ಟು ಕೈ ಒರೆಸಿಕೊಂಡ.

ಅವನ ಹೆಂಡತಿ ಅಯ್ಯಮ್ಮ ಸತ್ತು ನಾಲ್ಕು ವರ್ಷವಾಗಿತ್ತು. ಮಾವಿನಕೆರೆಯ ಆಚೆಗಿನ ಒಂಟಿ ಖೋಲಿಯಲ್ಲಿ ದಿನಾ ಎರಡು ತಾಟು ಇಡುವವನು ಅವನೇ. ಇದನ್ನು ಅವನು ಈ ಜಗತ್ತಿನಲ್ಲಿ ಒಬ್ಬನಿಗೆ ಹೇಳಿದ್ದ. ಪರಮಣ್ಣನಿಗೆ.

"ಕನಕಪ್ಪನವರ, ನನ್ನ ಪ್ರೂಫ್ ತಯಾರಾಗ್ಯಾವೇನ್ರಿ?"

ಬಾಗಿಲಲ್ಲಿ ಗುರುಶಾಂತಮ್ಮ ನಿಂತಿದ್ದರು. ಹೈಸ್ಕೂಲಿಗೆ ಹೊರಟವರು, ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಕನಕಪ್ಪನನ್ನು 'ನವರ' ಹಚ್ಚಿ ಕರೆಯುವವರು ಬಳಗದಲ್ಲಿ ಅವರು ಮತ್ತು ಪರಮಣ್ಣ ಇಬ್ಬರೇ. ಉಳಿದವರಿಗೆ ಅವನು ಮೆಟ್ಟಿಲು ಹತ್ತಿ ಪ್ರೂಫ್ ತಂದುಕೊಡುವ ಮನುಷ್ಯ. ಪ್ರೆಸ್ಸಿನ ಅಟ್ಟದ ಮೇಲೆ ಶನಿವಾರ ಸಂಜೆ ಅವರೆಲ್ಲ ಕೂತು ಓದುವಾಗ ಅವನು ಬಾಗಿಲ ಹತ್ತಿರ ನಿಂತು ಕೇಳಿ, ಚಹಾದ ಕಪ್ಪು ಎತ್ತಿಕೊಂಡು ಇಳಿದು ಬರುತ್ತಿದ್ದ.

"ಟೀಚರ, ಇದನ್ನ ಒಂದೀಟು ಓದ್ರಿ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಓದುತ್ತಾ ಓದುತ್ತಾ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಇದು ಸಾವ್ಕಾರ್ರ ಬರವಣಿಗಿ ಅಲ್ಲ."

"ಅಲ್ರಿ. ಪರಮಣ್ಣ ಮಾಸ್ತರದು."

"ಹ್ಯಾಂಗ ಅಂತೀರಿ? ಯಾರಾರ ಕೇಳಿದ್ರ ಸಾಕ್ಷಿ ಏನದ?"

ಕನಕಪ್ಪ ಖಾನೆ ತೋರಿಸಿದ. ಆಮೇಲೆ, ಹೇಳಬಾರದು ಅಂದುಕೊಂಡಿದ್ದನ್ನೂ ಹೇಳಿದ. ತಾಟಿನ ಸಂಗತಿ ಬಾಯಿಂದ ಹೊರಬೀಳುವಾಗ ಅವನಿಗೆ ನಾಚಿಕೆಯಾಯಿತು. ಹೇಳಿ ಮುಗಿದ ಮೇಲೆ ಎದೆ ಹಗುರವೂ ಆಯಿತು.

ಟೀಚರು ನಗಲಿಲ್ಲ. "ನೆರಿಯವ್ರು ಯಾರೂ ಬಂದು ನೋಡಂಗಿಲ್ಲೇನ್ರಿ ನಿಮ್ಮನ್ನ?" ಎಂದರು.

"ಯಾರು ಬರ್ತಾರ್ರಿ. ಬಾಗಲಿಗೆ ಕೀಲಿನೂ ಹಾಕಂಗಿಲ್ಲ ನಾ."

ಬಳಗದಲ್ಲಿ ಒಂದು ಕಟ್ಟಳೆ ಇತ್ತು. ಯಾರೇ ದೊಡ್ಡದಾಗಿ ಏನಾದರೂ ಬರೆದರೆ ಅಚ್ಚಿಗೆ ಕೊಡುವ ಮೊದಲು ಬಳಗದ ಒಬ್ಬರ ಕೈಗೆ ಕೊಡಬೇಕು. ಯಾರ ಕೈಗೆ ಕೊಟ್ಟೆ ಎಂದು ಕೊಟ್ಟವನು ಹೇಳಬಾರದು, ಓದಿದವನೂ ಹೇಳಬಾರದು. ಹೊಗಳಿಕೆಗೆ, ಹೊಟ್ಟೆಕಿಚ್ಚಿಗೆ ಎರಡಕ್ಕೂ ಎಡೆಯಿಲ್ಲದಂತೆ ಮಾಡಿಕೊಂಡ ನಂಬಿಕೆ ಅದು. ಪರಮಣ್ಣ ಕಾಣೆಯಾದ ಮೇಲೆ ಮೂವರನ್ನೂ ಪೊಲೀಸರು ಕೇಳಿದ್ದರು. ಮೂವರೂ 'ನನಗೆ ಕೊಟ್ಟಿರಲಿಲ್ಲ' ಎಂದಿದ್ದರು.

"ಸುಳ್ಳು ಹೇಳಿದಾಂವ ಸಾವ್ಕಾರ ಅಂದಂಗಾತು," ಎಂದರು ಗುರುಶಾಂತಮ್ಮ. "ನೀವು ಇವತ್ತ ಹೋಗ್ರಿ ಕನಕಪ್ಪನವರ. ಮೊದಲು ದೇವದುರ್ಗಕ್ಕ ಹೋಗಿ ಅವ್ರ ಅಕ್ಕನ್ನ ಕಾಣ್ರಿ. ಅಲ್ಲಿಂದ ಹಂಗ ಮಾನ್ವಿಗೆ. ಜಿಲಾನಿಗೆ ಮಾತ್ರ ಸುದ್ದಿ ಗೊತ್ತಾಗಬಾರದು. ಪರಮಣ್ಣನ ಕತಿಗೆ ಬಹುಮಾನ ಬಂದಾಗಿಂದ ಅಂವ ನೆಟ್ಟಗ ಮಾತಾಡಿಲ್ಲ."

"ನಾನ್ಯಾರ್ರಿ ಕೇಳಾಕ? ಬಳಗದಾಂವಲ್ಲ, ಏನಲ್ಲ."

"ನೀವ ಕೇಳಬೇಕು. ಅದು ನಿಮ್ಮ ತಾಟು."

ಹೊರಡುವಾಗ ಅವರು ತಮ್ಮ ಡಬ್ಬಿಯನ್ನು ಅವನ ಕೈಗಿಟ್ಟರು. "ಬುತ್ತಿ ಅದ. ದಾರಿಯೊಳಗ ಉಣ್ರಿ."

*

ಬಸ್ಸು ಕಲ್ಮಲ ದಾಟಿತು. ಎರಡೂ ಕಡೆ ಜೋಳದ ಹೊಲ, ತೆನೆ ಇನ್ನೂ ಹಾಲುಗಾಳು. ಕಿಟಕಿಯ ಪಕ್ಕ ಕೂತ ಕನಕಪ್ಪನಿಗೆ ಡಬ್ಬಿ ತೊಡೆಯ ಮೇಲಿದ್ದರೂ ಹಸಿವೆ ಇರಲಿಲ್ಲ.

ಯಾರಿಗೂ ಹೇಳದ ಒಂದು ಮಾತು ಅವನ ಗಂಟಲಲ್ಲಿ ಉಳಿದಿತ್ತು. ಟೀಚರಿಗೂ ಅದನ್ನು ಹೇಳಿರಲಿಲ್ಲ.

ಪರಮಣ್ಣ ಕೊನೆಯ ಸಲ ಪ್ರೆಸ್ಸಿಗೆ ಬಂದದ್ದು ಒಂದು ಶನಿವಾರ. ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಹಿಂದೆ ಉಳಿದು, ಕೇಸಿನ ಮೇಲೆ ಮೊಣಕೈ ಊರಿ ಹೇಳಿದ್ದ. "ಕನಕಪ್ಪನವರ, ನನ್ನ ಕಾದಂಬರಿ ನೀವು ಓದ್ರಿ. ಮಂದಿ ಕೈಯಾಗ ಕೊಟ್ಟಿದ್ದನ್ನ ತಿರುಗಿ ತಗೊಂಡು ನಿಮಗ ತಂದುಕೊಡ್ತೀನಿ. ನಿಮ್ಮ ಹತ್ರ ಇರ್ಲಿ."

ಅಂದು ಮೇಲೆ ಏನೋ ಮಾತಿಗೆ ಮರಿಸ್ವಾಮಿ ಸಾಹುಕಾರರು, "ಮೊಳಿ ಜೋಡಸಾಂವಗ ಏನು ತಿಳೀತದ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಪರಮಣ್ಣ ನಕ್ಕಿರಲಿಲ್ಲ, ಆದರೆ ಏನೂ ಅಂದಿರಲಿಲ್ಲ. ಆ ಸಿಟ್ಟು ಕನಕಪ್ಪನ ಬಾಯಿಗೆ ಬಂತು.

"ನಾ ನಿಮ್ಮ ಬಳಗದಾಂವಲ್ರಿ ಮಾಸ್ತರ. ನಿಮ್ಮ ಕಟ್ಟಳಿ ನನಗ್ಯಾಕ? ಬಳಗದವ್ರಿಗೇ ಕೊಡ್ರಿ."

ಪರಮಣ್ಣ "ಹಂಗಂತೀರಾ" ಎಂದು ಹೊರಟುಹೋಗಿದ್ದ. ಆಮೇಲೆ ಅವನನ್ನು ಕನಕಪ್ಪ ನೋಡಲಿಲ್ಲ.

ಗಬ್ಬೂರಿನಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಕೂತಿದ್ದ ಮುದುಕ ಇಳಿದುಹೋದ. ಆ ಜಾಗದಲ್ಲಿ ಮತ್ತೆ ಯಾರೂ ಕೂರಲಿಲ್ಲ.

*

ದುರುಗಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಪರಮಣ್ಣನಿಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಮದುವೆಯಾಗದ ತಮ್ಮನಿಗೆ ರೊಟ್ಟಿ ಬಡಿಯುತ್ತ ಇದ್ದುಬಿಟ್ಟವಳು. ನಾಲ್ಕು ಕುರಿ, ಊರ ಹೊರಗೆ ಒಂದು ತುಂಡು ಹೊಲ. ಗೋಡೆಗೆ ಪೊಲೀಸರು ತಂದು ಬಿಟ್ಟ ಸೈಕಲ್ಲು ಒರಗಿತ್ತು. ಅದರ ಮೇಲೆ ಅವಳು ಒಂದು ಗೋಣಿ ಹೊದಿಸಿದ್ದಳು.

"ಬಾ ಯಪ್ಪಾ. ನೀನ ಅಲ್ಲ ಅಚ್ಚಿನ ಮನಿ ಕನಕಪ್ಪ? ನಿನ್ನ ಹೆಸರು ಭಾಳ ತಗೀತಿದ್ದ ಅಂವ."

ಕನಕಪ್ಪ ಕಟ್ಟೆಯ ಮೇಲೆ ಕುಳಿತ. ಏನಂತ ತಗೀತಿದ್ದ ಎಂದು ಕೇಳಲು ಧೈರ್ಯವಾಗಲಿಲ್ಲ.

"ಯವ್ವಾ, ಹೋಗೂಕಿಂತ ಮೊದಲು ಮಾಸ್ತರ ಎಲ್ಲೆಲ್ಲಿ ಹೋಗಿದ್ರು, ಏನಾರ ನೆನಪದ ಏನು?"

"ಅದದ. ಸೋಮವಾರ ಮಾನ್ವಿಗೆ ಹೋಗಿ ಕೆಂಪು ಬಟ್ಟಿ ಗಂಟು ತಂದ. 'ಯಕ್ಕಾ, ನನ್ನ ಕೂಸು ತಿರುಗಿ ಮನಿಗೆ ಬಂತು' ಅಂದ. ಆದ್ರ ಮಾರಿ ಸಣ್ಣದಾಗಿತ್ತು. ಉಣ್ಲಿಲ್ಲ."

ಹಾಗಾದರೆ ಓದಲು ಪಡೆದವರು ಮರಿಸ್ವಾಮಿ. ಅದು ಖಾತ್ರಿಯಾಯಿತು.

"ಮಂಗಳವಾರ?"

"ಸಾಲಿ ಬಿಟ್ಟ ಮ್ಯಾಲ ಅದ ಗಂಟು ಬಗಲಾಗ ಹಿಡಕೊಂಡು ರಾಯಚೂರಿಗೆ ಹೊಂಟ. 'ಒಬ್ಬರ ಕೈಯಾಗ ಇಡಬೇಕು, ಬಳಗದವ್ರ, ಅವ್ರು ಹೂಂ ಅಂದಾರ' ಅಂದ. ಯಾರು ಅಂತ ನಾ ಕೇಳ್ಲಿಲ್ಲ. ಕೇಳಿದ್ರ ಹೇಳಾಂವನೂ ಅಲ್ಲ."

"ಸೈಕಲ್ ಮ್ಯಾಲ ಬಸ್‌ಸ್ಟ್ಯಾಂಡಿಗೆ ಹೋದ್ರೇನು?"

ದುರುಗಮ್ಮನ ಕೈಯಲ್ಲಿದ್ದ ಮೊರ ನಿಂತಿತು.

"ಇಲ್ಲೋ ಯಪ್ಪಾ. ನಡಕೊಂತ ಹೋದ. ಸೈಕಲ್ ಈ ಗ್ವಾಡಿಗೇ ಇತ್ತು. ಕತ್ತಲಾಗೂ ಮುಂದ ನಾನ ಕೋಳಿ ಬುಟ್ಟಿ ಅದರ ಬಾಜೂಕ ಇಟ್ಟೀನಿ. ಮುಂಜಾನಿ ಎದ್ದು ನೋಡಿದ್ರ ಬುಟ್ಟಿ ಇತ್ತು, ಸೈಕಲ್ ಇರ್ಲಿಲ್ಲ."

ಬುಧವಾರ ಮುಂಜಾನೆ ಸೈಕಲ್ಲು ಹೊಳೆಯ ದಂಡೆಯಲ್ಲಿ ಸಿಕ್ಕಿತ್ತು. ರಾಯಚೂರಿನ ಬಸ್ಸು ಹತ್ತಿದ ಮನುಷ್ಯ ತಿರುಗಿ ಬಂದು, ಅಕ್ಕನನ್ನು ಎಬ್ಬಿಸದೆ, ಕಳ್ಳನ ಹಾಗೆ ಸ್ವಂತ ಸೈಕಲ್ಲು ಒಯ್ದು ಹೊಳೆಗೆ ಹಾರಿದನೇ? ಅಥವಾ ಅವನು ಹಾರಿದ ಎಂದು ಜನ ನಂಬಲಿ ಎಂದು ಅದನ್ನು ಬೇರೆ ಯಾರೋ ಒಯ್ದರೇ?

"ಇದನ್ನ ಪೊಲೀಸ್ರ ಮುಂದ ಹೇಳಿದ್ರೇನು ಯವ್ವಾ?"

"ನನ್ನ ಯಾರು ಕೇಳಿದ್ರು?" ಎಂದಳು ದುರುಗಮ್ಮ. ಅವಳ ದನಿಯಲ್ಲಿ ದೂರು ಇರಲಿಲ್ಲ. "ಬಂದ್ರು. ಚಪ್ಪಲಿ ತೋರಿಸಿ 'ಇವು ಅವನವ ಏನು' ಅಂದ್ರು. ಹೌದಂದೆ. ಹೆಬ್ಬಟ್ಟು ಒತ್ತಿಸ್ಕೊಂಡು ಹೋದ್ರು. ಮೂರು ವಾರಾತು, ಹೊಸ್ತಿಲದಾಗ ಕುಂತು ನನ್ನ ಕೂಡ ಮಾತಾಡಿದಾಂವ ನೀನ ಮೊದಲನೇದಾಂವ."

ಅವಳು ಎದ್ದು ಮಜ್ಜಿಗೆ ತಂದುಕೊಟ್ಟಳು. ಕುಡಿದು ತಂಬಿಗೆ ಕೆಳಗಿಡುವಾಗ ಕನಕಪ್ಪ ಕೇಳಿದ. "ನಾ ತಿದ್ದಾಕ ಕಳಿಸಿದ್ದ ಪ್ರೂಫ್ ಹಾಳಿ ಮಾಸ್ತರ ಹತ್ರ ಇದ್ವು. ಒಂದ್ಸಲ ನೋಡ್ಲ್ಯಾ?"

ಆ ಹಾಳೆಗಳ ಅಂಚಿನಲ್ಲಿ ಅವನು ಅನುಮಾನ ಬಂದ ಕಡೆ ಪೆನ್ಸಿಲ್ಲಿನಿಂದ ಕೇಳಿ, ಕೆಳಗೆ ಸಹಿ ಹಾಕುತ್ತಿದ್ದ. ಪರಮಣ್ಣ ಅದೇ ಅಂಚಿನಲ್ಲಿ ಉದ್ದುದ್ದ ಉತ್ತರ ಬರೆದು ಕಳಿಸುತ್ತಿದ್ದ. ಅವರಿಬ್ಬರ ಗೆಳೆತನ ಬಹುಪಾಲು ನಡೆದದ್ದು ಆ ಎರಡು ಬೆರಳಗಲದ ಅಂಚಿನಲ್ಲೇ.

"ಅವು ಇಲ್ಲಲ್ಲೋ. ಅಂವ ಹೋದ ಬುಧವಾರನ ಬಳಗದಿಂದ ಒಬ್ರು ಬಂದು ಒಯ್ದ್ರಂತ. ನಾ ಅವನ್ನ ಹುಡುಕಾಕ ಹೊಳಿ ದಂಡಿಗೆ ಹೋಗಿದ್ದೆ. ಬಾಜೂ ಮನಿ ಕರೆಮ್ಮ ಕದ ತಗದು ಕೊಟ್ಲು. ಆಕಿಗೆ ಕಣ್ಣು ಮಂಜು, ಕಿವಿ ಮಂದ. ಯಾರು ಏನು ಅಂತ ಆಕಿಗೂ ತಿಳೀಲಿಲ್ಲ."

ಜಿಲಾನಿ, ಎಂದುಕೊಂಡ ಕನಕಪ್ಪ. ಅವನೇ ಇರಬೇಕು. ಬೇರೆ ಯಾರೆಂದು ಯೋಚಿಸಲು ಅವನಿಗೆ ಮನಸ್ಸಾಗಲಿಲ್ಲ.

ಹೊರಟು ನಿಂತಾಗ ದುರುಗಮ್ಮ, "ಕನಕಪ್ಪಾ, ಅಂವ ಅದಾನೇನೋ?" ಎಂದಳು.

"ಗೊತ್ತಿಲ್ಲ ಯವ್ವಾ."

"ಇಲ್ಲ ಅಂದಿದ್ರೂ ನಾ ನಂಬ್ತಿದ್ದಿಲ್ಲ ಬಿಡು."

*

ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಯಲ್ಲಿ ಇಳಿದಾಗ ನಾಲ್ಕು ಗಂಟೆ. ಭತ್ತದ ಸುಗ್ಗಿ. ಗಿರಣಿಯ ಅಂಗಳದ ತುಂಬ ಬಂಡಿಗಳು, ಗಾಳಿಯ ತುಂಬ ತೌಡಿನ ಧೂಳು. ಯಂತ್ರದ ಸದ್ದಿಗೆ ಕಾಲ ಕೆಳಗಿನ ನೆಲವೇ ಸಣ್ಣಗೆ ಅದುರುತ್ತಿತ್ತು.

ಮರಿಸ್ವಾಮಿ ಸಾಹುಕಾರರ ಕೋಣೆ ಗಿರಣಿಯ ಹಿಂಭಾಗದಲ್ಲಿತ್ತು. ಹಣೆಗೆ ವಿಭೂತಿ, ಬಿಳಿ ಅಂಗಿ, ಸುತ್ತ ಗೋಡೆಯೆತ್ತರ ಪುಸ್ತಕ. ಕನಕಪ್ಪನನ್ನು ಕಂಡೊಡನೆ ಅವರು ಎದ್ದು ನಿಂತರು. ಅವನಿಗೆ ಅದೇ ವಿಚಿತ್ರವೆನಿಸಿತು. ಹದಿನೆಂಟು ವರ್ಷದಲ್ಲಿ ಅವರು ಅವನಿಗಾಗಿ ಎದ್ದದ್ದಿಲ್ಲ.

"ಬಾ ಕನಕಪ್ಪ. ಕುಂದ್ರು. ನೀ ಬರ್ತಿ ಅಂತ ಗೊತ್ತಿತ್ತು."

"ಹ್ಯಾಂಗ ಗೊತ್ತಿತ್ರಿ?"

ಸಾಹುಕಾರರು ಬಾಗಿಲು ಮುಚ್ಚಿ ಬಂದರು. ಯಂತ್ರದ ಸದ್ದು ಅರ್ಧ ಕಡಿಮೆಯಾಯಿತು.

ಕನಕಪ್ಪ ಕುರ್ಚಿಯ ತುದಿಯಲ್ಲಿ ಕುಳಿತ.

"ಸಾವ್ಕಾರ್ರ, ನಿಮ್ಮ ಏಳನೇ ಅಧ್ಯಾಯದಾಗ ಒಬ್ಬ ಮನಷ್ಯಾ ಇದ್ದಾನಲ್ರಿ. ಹೇಣ್ತಿ ಸತ್ತ ಮ್ಯಾಲೂ ಎರಡು ತಾಟು ಇಡಾಂವ."

"ಹೂಂ."

"ಅಂವ ಎರಡನೇ ತಾಟು ಯಾಕ ತೊಳೀತಾನ್ರಿ?"

ಮರಿಸ್ವಾಮಿ ಅವನನ್ನು ನೋಡಿದರು. "ಯಾಕಂದ್ರ... ದುಃಖಕ್ಕ."

"ದುಃಖಕ್ಕಲ್ರಿ. ಧೂಳು ಕುಂದ್ರತದ. ಮರುದಿನ ಆಕಿ ಮುಂದ ಧೂಳಿನ ತಾಟು ಇಡಾಕ ಬರಂಗಿಲ್ಲ ಅಂತ ತೊಳೀತಾನ." ಕನಕಪ್ಪ ತಲೆ ಎತ್ತಿದ. "ಆಕಿ ಹೆಸರು ಅಯ್ಯಮ್ಮ ಅಂತರಿ. ನನ್ನ ಹೇಣ್ತಿ."

ಹೊರಗೆ ಯಾರೋ ಹಮಾಲನನ್ನು ಕೂಗಿ ಕರೆದರು.

ಸಾಹುಕಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖ ವಯಸ್ಸಾದ ಮುಖವಾಗಿತ್ತು.

"ಮೂವತ್ತು ವರ್ಷಾತು ಬರೀಲಿಕತ್ತು. ಹನ್ನೊಂದು ಪುಸ್ತಕ. ನನ್ನ ಎದುರು ಎಲ್ಲಾರೂ ಭೇಷ್ ಅಂತಾರ. ನಾ ಬಾಡಿಗಿ ಕೊಡೂ ಅಟ್ಟದಾಗ ನನ್ನ ಚಾ ಕುಡದು ಮತ್ತೇನಂದಾರು? ಪರಮಣ್ಣ ಒಬ್ಬನ ಹೇಳಿದ್ದು. 'ಸಾವ್ಕಾರ್ರ, ನಿಮ್ಮ ಪುಸ್ತಕದಾಗ ಮನಷ್ಯಾರಿಲ್ಲ' ಅಂದ. ಅಂದಾಂವನ ತನ್ನ ಗಂಟು ತಂದು ನನ್ನ ಕೈಯಾಗ ಕೊಟ್ಟ. ನನ್ನ ನಂಬಿದ ನೋಡು. ಓದಿದೆ. ಓದಿ ಎರಡು ದಿನ ಕೋಣಿ ಬಿಟ್ಟು ಹೊರಗ ಬರ್ಲಿಲ್ಲ ನಾ."

"ಆಮ್ಯಾಲ ನಕಲು ಮಾಡಿಕೊಂಡ್ರಿ."

"ಅವನವು ಆರು ಅಧ್ಯಾಯ. ಸುಮ್ಮ ಮಾಡಿಕೊಂಡೆ ಕನಕಪ್ಪ, ಆಣಿ ಮಾಡ್ತೀನಿ. ಅಂಥಾದ್ದು ನನ್ನ ಕೈಲಿ ಇಳದ್ರ ಹ್ಯಾಂಗ ಅನಸ್ತದ ನೋಡೂಣು ಅಂತ. ಸೋಮವಾರ ಅಂವ ಬಂದಾಗ ಗಂಟು ಕೊಟ್ಟುಬಿಟ್ಟೆ. ನಕಲಿನ ಹಾಳಿ ಮೇಜಿನ ಮ್ಯಾಲ ಇತ್ತು. ಅಂವ ನೋಡಿದ. ಏನೂ ಅನ್ಲಿಲ್ಲ. ಒಂದು ಮಾತು ಬೈದಿದ್ರೂ ನಾ ಅವನ್ನ ಹರದು ಹಾಕತಿದ್ದೆ."

ಊಟ ಬಿಟ್ಟ ಪರಮಣ್ಣನ ಸಣ್ಣ ಮುಖ ಕನಕಪ್ಪನ ಕಣ್ಣಿಗೆ ಕಟ್ಟಿತು.

"ಹರೀಲಿಲ್ಲ. ಅಂವ ಹೋಗಿ ಎರಡು ವಾರ ಆಗೂದ್ರಾಗ ಅಚ್ಚಿಗೆ ಕಳಿಸಿದ್ರಿ. ನಿಮ್ಮ ಹೆಸರಿಲೆ. ಅಲ್ಲೇನ್ರಿ?"

ಮರಿಸ್ವಾಮಿಯವರ ಮುಖದ ಮೇಲೆ ನಾಚಿಕೆ ಇತ್ತು. ಈಗ ಅದರ ಜಾಗದಲ್ಲಿ ಸಿಟ್ಟು ಬಂತು. ಮೊದಲ ಸಲ ಅವರು ಅವನನ್ನು ನೆಟ್ಟಗೆ ದಿಟ್ಟಿಸಿದರು.

"ಯಾಕ ಈ ಆಟ ಆಡಾಕತ್ತಿ? ಕಳಸ್ರಿ ಅಂದಾಂವ ನೀನ ಅಲ್ಲೇನು?"

"ನಾನಾ?"

"ನನ್ನ ಬಾಯಿಂದ ಹೇಳಸಾಕ ಬಂದಿ. ಹೇಳಿದೆ. ಇನ್ನೇನು ಬೇಕು ನಿಂಗ? ನಿನ್ನ ಹೆಸರು ಪಟ್ಟಿಗೆ ಹಚ್ಚೀನಿ. ಬರೂ ಶನಿವಾರ ಮ್ಯಾಲ ಬಂದು ಕುಂದ್ರು."

"ಯಾವ ಪಟ್ಟಿ? ಸಾವ್ಕಾರ್ರ, ನೀವು ಏನು ಅನ್ನಾಕತ್ತೀರಿ ನಂಗ ತಿಳೀವಲ್ದು."

ಸಾಹುಕಾರರು ಮೇಜಿನ ಖಾನೆ ಎಳೆದು, ಮಡಿಸಿದ ಹಾಳೆಯೊಂದನ್ನು ಅವನ ಮುಂದೆ ಎಸೆದರು. ಜೊತೆಗೆ ಒಂದು ಲಕೋಟೆ. ರಾಯಚೂರು ಅಂಚೆಯ ಮುದ್ರೆ. ಪರಮಣ್ಣನ ಸೈಕಲ್ಲು ಸಿಕ್ಕಿದ ಮರುದಿನದ ತಾರೀಖು.

ಕನಕಪ್ಪ ಹಾಳೆ ಬಿಚ್ಚಿದ.

'ಸಾಹುಕಾರರಿಗೆ ನಮಸ್ಕಾರ. ತಾವು ಪರಮಣ್ಣನವರ ಆರು ಅಧ್ಯಾಯ ನಕಲು ಮಾಡಿಕೊಂಡಿರುವುದು ನನಗೆ ತಿಳಿದಿದೆ. ಮೂಲ ಪ್ರತಿ ನನ್ನ ಬಳಿ ಇದೆ, ಅದು ಇನ್ನು ಹೊರಗೆ ಬರುವುದಿಲ್ಲ. ತಾವು ಧೈರ್ಯವಾಗಿ ಅಚ್ಚಿಗೆ ಕಳಿಸಿರಿ. ನಾನೇ ಜೋಡಿಸುತ್ತೇನೆ, ಬಾಯಿ ಬಿಡುವುದಿಲ್ಲ. ಪ್ರತಿಯಾಗಿ ನನ್ನನ್ನೂ ಶನಿವಾರ ಬಳಗಕ್ಕೆ ಸೇರಿಸಿಕೊಳ್ಳಬೇಕು. ಇಷ್ಟು ವರ್ಷ ಬಾಗಿಲಲ್ಲಿ ನಿಂತದ್ದು ಸಾಕು.'

ಕೆಳಗೆ ಸಹಿ. ಕನಕಪ್ಪ, ಕಂಪೋಜಿಟರ್.

ಅದು ಅವನ ಸಹಿಯೇ. ಅವನದೇ ಅಕ್ಷರ. 'ಪ್ಪ'ದ ಒತ್ತನ್ನು ಎಡಕ್ಕೆ ಎಳೆದು ಬಿಡುವ ಅವನದೇ ಅಭ್ಯಾಸ. ನಾನೇ ಬರೆದು ಮರೆತೆನೇನೋ ಎಂದು ಒಂದು ಗಳಿಗೆ ಅವನಿಗೇ ಅನಿಸಿತು. ಹಾಳೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಒರಟು, ತೆಳು, ಅಂಚು ಕೈಯಿಂದ ಹರಿದದ್ದು. ಪ್ರೆಸ್ಸಿನಲ್ಲಿ ಪ್ರೂಫ್ ತೆಗೆಯುವ ಹಾಳೆ. ಪ್ರೂಫ್ ಒಯ್ದವರ ಹತ್ತಿರ ಮಾತ್ರ ಇರುವಂಥದ್ದು.

ಅವನನ್ನು ಇರಿದದ್ದು ಅದಲ್ಲ. ಕೊನೆಯ ಸಾಲು. ಬಾಗಿಲಲ್ಲಿ ನಿಂತು ನಿಂತು ಕಾಲು ಸೋತದ್ದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಪರಮಣ್ಣನ ಮುಂದೆಯೂ ಆಡಿರಲಿಲ್ಲ. ಇದನ್ನು ಬರೆದವರು ಅವನನ್ನು ಬಲು ಹತ್ತಿರದಿಂದ ನೋಡಿದ್ದರು. ಇಷ್ಟು ವರ್ಷ ತನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ ಕನಕಪ್ಪನಿಗೆ, ಯಾರೋ ನೋಡುತ್ತಿದ್ದರು ಎಂಬುದು ಈ ರೀತಿ ತಿಳಿಯಿತು.

"ಇದು ನಾ ಬರದಿದ್ದಲ್ರಿ," ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದ. "ಸಾವ್ಕಾರ್ರ, ನಾ ಬರದಿದ್ದಲ್ಲ. ಅಯ್ಯಮ್ಮನ ಆಣಿ."

ಮರಿಸ್ವಾಮಿ ಅವನ ಮುಖ ನೋಡುತ್ತಲೇ ಇದ್ದರು. ಸಿಟ್ಟು ನಿಧಾನಕ್ಕೆ ಇಳಿಯಿತು. ಅವರೂ ಒಂದು ಕಾಲಕ್ಕೆ ಮನುಷ್ಯರನ್ನು ಬರೆಯಬೇಕೆಂದು ಹೊರಟವರು. ಎದುರಿಗೆ ಕೂತವನು ಸುಳ್ಳಾಡುತ್ತಿಲ್ಲ ಎಂದು ಅವರಿಗೆ ತಿಳಿಯಿತು.

"ನೀ ಅಲ್ಲ ಅಂದ್ರ ಮತ್ಯಾರು?" ಎಂದರು ಮೆಲ್ಲಗೆ. "ನಕಲಿನ ಸುದ್ದಿ ಪರಮಣ್ಣಗ ಬಿಟ್ರ ಯಾರಿಗೂ ಗೊತ್ತಿಲ್ಲ. ಅಂವ ಆಮ್ಯಾಲ ಯಾರಿಗರ ಹೇಳಿರಬೇಕು. ಯಾರನ್ನ ಕಂಡ?"

"ಮಂಗಳವಾರ ರಾಯಚೂರಿಗೆ ಹೋಗ್ಯಾರ್ರಿ. ಗಂಟು ತಗೊಂಡು. ಬಳಗದವ್ರ ಒಬ್ಬರ ಹತ್ರ. ಸಾವ್ಕಾರ್ರ, ಹೊಳಿ ದಂಡಿಗೆ ಸೈಕಲ್ ಒಯ್ದಾಂವ ಪರಮಣ್ಣ ಅಲ್ಲ. ಈ ಪತ್ರ ಬರದವ್ರಿಗೆ ಅದೆಲ್ಲಾ ಗೊತ್ತದ. ನೀವು ಇದನ್ನ ಪೊಲೀಸ್ರಿಗೆ ಕೊಡಬೇಕ್ರಿ."

"ಕೊಟ್ರ ನನ್ನ ಕಳವೂ ಹೊರಗ ಬೀಳ್ತದ."

"ಬೀಳ್ತದ್ರಿ."

ಸಾಹುಕಾರರು ಕನ್ನಡಕ ಹಾಕಿಕೊಂಡರು. ಪುಸ್ತಕದ ಸಾಲಿನ ಕಡೆಗೆ, ತಮ್ಮ ಹನ್ನೊಂದು ಪುಸ್ತಕಗಳ ಕಡೆಗೆ ಒಮ್ಮೆ ನೋಡಿದರು. ಆಮೇಲೆ, "ಆಗ್ಲಿ. ನಡಿ, ಇಬ್ರೂ ಠಾಣೆಗೆ ಹೋಗೂಣು" ಎಂದು ಪತ್ರ ಎತ್ತಿಕೊಂಡು ಎದ್ದರು.

ಕನಕಪ್ಪನಿಗೆ ಅಳು ಬಂದಂತಾಯಿತು. ಇಪ್ಪತ್ತೆರಡು ದಿನದಲ್ಲಿ ಮೊದಲ ಸಲ ಅವನ ಜೊತೆಗೆ ಇನ್ನೊಬ್ಬರು ನಡೆಯಲು ಎದ್ದಿದ್ದರು.

ಬಾಗಿಲು ತೆರೆಯಲು ಅವರು ಕೈ ಚಾಚುವ ಮೊದಲೇ ಅದು ಹೊರಗಿನಿಂದ ತೆರೆಯಿತು.

ಸಬ್‌ಇನ್‌ಸ್ಪೆಕ್ಟರು ಒಳಗೆ ಬಂದರು. ಹಿಂದೆ ಇಬ್ಬರು ಪೇದೆಗಳು. ಅಂಗಳದ ಬಂಡಿಗಳ ನಡುವೆ ಜೀಪು ನಿಂತಿತ್ತು. ರಾಯಚೂರಿನ ಜೀಪು.

"ಕನಕಪ್ಪ ಅಂದ್ರ ನೀನ ಏನು? ವಿರೂಪಣ್ಣನ ಪ್ರೆಸ್ಸಿನಾಂವ?"

"ಹೌದ್ರಿ ಸಾಹೇಬ್ರ."

"ಮಾವಿನಕೆರಿ ಆಚಿ ಖೋಲಿ ನಿಂದ ಅಲ್ಲ?"

"ಹೌದ್ರಿ."

ಪೇದೆಯೊಬ್ಬ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ. ಕೆಂಪು ಬಟ್ಟೆಯ ಗಂಟು. ಗಂಟಿನ ಬಾಯಿ ಬಿಚ್ಚಿತ್ತು. ಒಳಗೆ ಹಾಳೆಗಳ ದಪ್ಪ ಕಟ್ಟು. ಮೇಲಿನ ಹಾಳೆಯ ಅಕ್ಷರ ಕನಕಪ್ಪನಿಗೆ ಅಷ್ಟು ದೂರದಿಂದಲೂ ಗುರುತು ಸಿಕ್ಕಿತು. ಪರಮಣ್ಣನದು.

"ಮಧ್ಯಾಹ್ನ ಎರಡು ಗಂಟೆಕ್ಕ ನಿನ್ನ ಖೋಲ್ಯಾಗ ಸಿಕ್ಕದ. ಹಾಸಿಗಿ ಸುರುಳಿ ಒಳಗ."

ಮರಿಸ್ವಾಮಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಕೈಯಲ್ಲಿ ಇನ್ನೂ ಆ ಪತ್ರವಿತ್ತು. 'ಮೂಲ ಪ್ರತಿ ನನ್ನ ಬಳಿ ಇದೆ.' ಅವರು ಪತ್ರವನ್ನು ನೋಡಿದರು, ಗಂಟನ್ನು ನೋಡಿದರು, ಆಮೇಲೆ ಕನಕಪ್ಪನನ್ನು ನೋಡಿದರು. ಈಗಷ್ಟೇ ಆ ಕಣ್ಣುಗಳಲ್ಲಿ ಹುಟ್ಟಿದ್ದ ನಂಬಿಕೆ ಅವನ ಎದುರಿಗೇ ಆರಿತು. ಅವರು ಪತ್ರವನ್ನು ಇನ್‌ಸ್ಪೆಕ್ಟರ ಕೈಗೆ ಕೊಟ್ಟರು.

ಇನ್‌ಸ್ಪೆಕ್ಟರು ಅದನ್ನು ಎರಡು ಸಲ ಓದಿ ಜೇಬಿಗೆ ಸೇರಿಸಿದರು.

"ನಡಿ. ಜೀಪ್ ಹತ್ತು."

"ಸಾಹೇಬ್ರ, ನಾ ಮಾಸ್ತರನ್ನ ಹುಡುಕಾಕ ಬಂದಾಂವ. ದೇವದುರ್ಗದಾಗ ಅವ್ರ ಅಕ್ಕನ್ನ ಕೇಳ್ರಿ, ಸೈಕಲ್—"

"ಎಲ್ಲಾ ಕೇಳ್ತೀವಿ. ನಿನ್ನ ಕಡಿಯವ್ರು ಯಾರದಾರ ಹೇಳು. ಸುದ್ದಿ ಮುಟ್ಟಸಬೇಕಾಗ್ತದ." ಅವರು ಸಣ್ಣ ಪುಸ್ತಕ ತೆಗೆದು ಪೆನ್ನು ಬಿಚ್ಚಿದರು.

ಕನಕಪ್ಪ ಯೋಚಿಸಿದ. ಹುಟ್ಟೂರು ಬಾಗಲವಾಡದಲ್ಲಿ ಅವನ ಹೆಸರು ಹೇಳಿದರೆ ಗುರುತಿಸುವವರು ಈಗ ಯಾರೂ ಉಳಿದಿರಲಿಲ್ಲ. ವಿರೂಪಣ್ಣನವರು ನಾಳೆಯೇ ಬೇರೆ ಕಂಪೋಜಿಟರನನ್ನು ಹುಡುಕುತ್ತಾರೆ. ಪರಮಣ್ಣ ಇಲ್ಲ. ಪೆನ್ನು ಕಾಯುತ್ತಿತ್ತು. ಉಳಿದದ್ದು ಒಂದೇ ಹೆಸರು. ಅದು ನೆನಪಾದೊಡನೆ ಅವನಿಗೆ ಸ್ವಲ್ಪ ಧೈರ್ಯ ಬಂತು.

"ಗುರುಶಾಂತಮ್ಮ ಟೀಚರ್ ಅಂತ ಅದಾರ್ರಿ, ಹೈಸ್ಕೂಲಿನವ್ರು. ಅವ್ರಿಗೆ ಒಂದು ಮಾತು ತಿಳಿಸಿದ್ರ ಸಾಕ್ರಿ. ನಾ ಯಾಕ ಬಂದೀನಿ ಅಂತ ಅವ್ರಿಗೆ ಎಲ್ಲಾ ಗೊತ್ತದ."

ಇನ್‌ಸ್ಪೆಕ್ಟರು ಬರೆಯಲಿಲ್ಲ. ಪೇದೆಯ ಕಡೆ ಒಮ್ಮೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

"ಅವ್ರಿಗೆ ಹೊಸದಾಗಿ ಏನು ತಿಳಸೂದದ?" ಎಂದರು. "ನಿನ್ನ ಮ್ಯಾಲ ಫಿರ್ಯಾದಿ ಬರದು ಕೊಟ್ಟವ್ರು ಅವ್ರ. ನೀ ಈಗ ಮಾನ್ವಿಯೊಳಗ ಸಿಗ್ತಿ ಅಂತ ಹೇಳಿದವ್ರೂ ಅವ್ರ."